ಮಳೆಗಾಲದ ಆಗುಂಬೆ ದಾರಿಯಲ್ಲಿ ಚಾರ್ಜ್ ಆಗದೆ ನಿಂತ ಬೈಕು

ಜುಲೈ ತಿಂಗಳ ಒಂದು ಶನಿವಾರ ನಾನು ಮತ್ತು ನನ್ನ ಗೆಳೆಯ ಎರಡು ಬೈಕುಗಳಲ್ಲಿ ಶಿವಮೊಗ್ಗದಿಂದ ಹೊರಟು, ತೀರ್ಥಹಳ್ಳಿ, ಆಗುಂಬೆ, ಶೃಂಗೇರಿ, ಕೆರೆಕಟ್ಟೆಗಳ ಮೂಲಕ ಕುದುರೆಮುಖದ ಕಾಡನ್ನು ದಾಟಿ ಕಳಸ ಸೇರಬೇಕೆಂದುಕೊಂಡಿದ್ದೆವು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಗೆ ಮಳೆಗಾಲದಲ್ಲಿ ಹೋಗುವವರು ಟೈರು, ಬ್ರೇಕುಗಳನ್ನು ನೋಡಿಕೊಳ್ಳುತ್ತಾರೆ. ವಯರಿಂಗ್ ಕಡೆ ಗಮನ ಕೊಡುವವರು ಕಡಿಮೆ. ನಾನೂ ಕೊಟ್ಟಿರಲಿಲ್ಲ. ಹೊರಡುವ ಹಿಂದಿನ ವಾರ ಬೈಕನ್ನು ಒತ್ತಡದ ನೀರಿನಿಂದ ತೊಳೆಸಿದ್ದೆ, ಅಷ್ಟೆ.

ತೀರ್ಥಹಳ್ಳಿ ದಾಟಿದ ಮೇಲೆ ಹಾರ್ನಿನ ದನಿ ಸಣ್ಣಗಾಯಿತು, ಇಂಡಿಕೇಟರ್ ಮಂಕಾಗಿ ನಿಧಾನವಾಗಿ ಮಿಟುಕತೊಡಗಿತು. ಮಳೆಯ ನೀರು ಹೊಕ್ಕಿರಬೇಕೆಂದು ಭಾವಿಸಿ ಮುಂದುವರಿದೆ. ಇದೇ ನಾನು ಮಾಡಿದ ದೊಡ್ಡ ತಪ್ಪು, ಏಕೆಂದರೆ ಹಾರ್ನ್ ಮತ್ತು ಇಂಡಿಕೇಟರ್ ಒಟ್ಟಿಗೇ ಸೊರಗಿದರೆ ಬ್ಯಾಟರಿ ಖಾಲಿಯಾಗುತ್ತಿದೆ ಎಂದೇ ಅರ್ಥ, ಮತ್ತು ಆ ಹೊತ್ತಿಗೆ ನಿಲ್ಲಿಸಿ ನೋಡಿದ್ದರೆ ತೀರ್ಥಹಳ್ಳಿಗೆ ಮರಳುವಷ್ಟು ಶಕ್ತಿಯಾದರೂ ಅದರಲ್ಲಿ ಉಳಿದಿರುತ್ತಿತ್ತು. ಆಗುಂಬೆಯಲ್ಲಿ ಚಹಾ ಕುಡಿದು ಬಂದು ಸೆಲ್ಫ್ ಒತ್ತಿದಾಗ ರಿಲೇಯ ಕಟಕಟ ಸದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ತಳ್ಳಿ ಸ್ಟಾರ್ಟ್ ಮಾಡಲು ಮೂರು ಸಲ ಯತ್ನಿಸಿದೆವು. ಹಳೆಯ ಕಾರ್ಬುರೇಟರ್ ಬೈಕಾಗಿದ್ದರೆ ಅದು ಹೊತ್ತಿಕೊಳ್ಳುತ್ತಿತ್ತೇನೋ. ಆದರೆ 2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಹೊಗೆ ನಿಯಮ ಬಂದ ಮೇಲಿನ ಬೈಕುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಫ್ಯೂಯಲ್ ಇಂಜೆಕ್ಷನ್‌ನವು, ಬ್ಯಾಟರಿ ತೀರಾ ಇಳಿದಾಗ ಅವುಗಳ ಪೆಟ್ರೋಲ್ ಪಂಪೇ ಓಡುವುದಿಲ್ಲ. ಕೀಲಿ ತಿರುಗಿಸಿದಾಗ ಪೆಟ್ರೋಲ್ ಟ್ಯಾಂಕಿನ ಕಡೆಯಿಂದ ಗುಂಯ್ ಎಂಬ ಪಂಪಿನ ಸದ್ದು ಕೇಳದಿದ್ದರೆ ತಳ್ಳುವ ಶ್ರಮವನ್ನು ಬಿಟ್ಟುಬಿಡಿ.

ಗೆಳೆಯನ ಚೀಲದಲ್ಲಿದ್ದ, ವೋಲ್ಟೇಜ್ ಅಳೆಯುವ ಚಿಕ್ಕ ಮಲ್ಟಿಮೀಟರ್ ಅಂದು ನಮ್ಮನ್ನು ಕಾಪಾಡಿತು. ತುಂಬಿದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ಆಸುಪಾಸು ತೋರಿಸಬೇಕು, ನಮ್ಮದು 10.8 ತೋರಿಸಿತು. ಬ್ಯಾಟರಿ ಕೆಟ್ಟಿದೆ, ಹೊಸದು ಹಾಕಿಸಿ ಎಂದು ಅಲ್ಲಿ ನೆರೆದವರೆಲ್ಲ ಹೇಳಿದರು. ಅವರ ಮಾತು ಕೇಳಿದ್ದರೆ ಹೊಸ ಬ್ಯಾಟರಿಯೂ ಒಂದು ಗಂಟೆಯೊಳಗೆ ಬರಿದಾಗುತ್ತಿತ್ತು. ಕಾರಿನವರೊಬ್ಬರು ಜಂಪ್ ಕೇಬಲ್ ಕೊಟ್ಟರು. ಕಾರಿನ ಎಂಜಿನ್ ಆರಿಸಿಟ್ಟೇ, ಮೊದಲು ಕೆಂಪು ತಂತಿಯನ್ನು ಎರಡೂ ಬ್ಯಾಟರಿಗಳ ಪ್ಲಸ್‌ಗೆ, ಆಮೇಲೆ ಕಪ್ಪು ತಂತಿಯನ್ನು ಕಾರಿನ ಬ್ಯಾಟರಿಯ ಮೈನಸ್‌ಗೆ ಮತ್ತು ಬೈಕಿನ ಎಂಜಿನ್ ಲೋಹಕ್ಕೆ ಹಿಡಿದೆವು. ಬೈಕು ಹೊತ್ತಿಕೊಂಡಿತು. ಕೇಬಲ್ ತೆಗೆದು ಎಕ್ಸಿಲರೇಟರ್ ತಿರುಗಿಸುತ್ತಾ ಬ್ಯಾಟರಿಯ ಮೇಲೆ ಮೀಟರ್ ಇಟ್ಟಾಗ ಅದು 14ರ ಹತ್ತಿರಕ್ಕೆ ಏರಬೇಕಿತ್ತು, ಏರುವ ಬದಲು ಮೆಲ್ಲನೆ ಇಳಿಯುತ್ತಿತ್ತು. ಅಂದರೆ ದೋಷ ಬ್ಯಾಟರಿಯದಲ್ಲ, ಚಾರ್ಜಿಂಗಿನದು.

ಪಕ್ಕದ ಮುಚ್ಚಳ ಬಿಚ್ಚಿ, ಎಂಜಿನ್ನಿನೊಳಗೆ ವಿದ್ಯುತ್ ಹುಟ್ಟಿಸುವ ಸುರುಳಿಯಾದ ಸ್ಟೇಟರ್‌ನಿಂದ, ಆ ವಿದ್ಯುತ್ತನ್ನು ಬ್ಯಾಟರಿಗೆ ಹೊಂದುವಂತೆ ಮಾರ್ಪಡಿಸುವ ಆರ್.ಆರ್. (ರೆಗ್ಯುಲೇಟರ್-ರೆಕ್ಟಿಫೈಯರ್) ಯುನಿಟ್‌ಗೆ ಹೋಗುವ ಮೂರು ಹಳದಿ ತಂತಿಗಳನ್ನು ಹುಡುಕಿದೆವು. ಅವು ಸೇರುವ ಕಪ್ಲರ್‌ನಲ್ಲಿ ಒಂದು ಪಿನ್ನು ಹಸಿರುಗಟ್ಟಿ ಸುಟ್ಟಿತ್ತು, ಸುತ್ತಲಿನ ಪ್ಲಾಸ್ಟಿಕ್ ಕರಗಿತ್ತು. ನೀರು ನಿಂತು ಪಿನ್ನು ತುಕ್ಕು ಹಿಡಿದರೆ ಅಲ್ಲಿ ತಡೆ ಹೆಚ್ಚುತ್ತದೆ, ತಡೆ ಹೆಚ್ಚಿದರೆ ಕಾವು, ಕಾವಿನಿಂದ ಸಂಪರ್ಕ ಮತ್ತಷ್ಟು ಸಡಿಲ. ಕಪ್ಲರ್ ಬಿಚ್ಚಿಟ್ಟು, ಮೀಟರನ್ನು ಎಸಿ ವೋಲ್ಟೇಜ್ ಅಳತೆಗೆ ತಿರುಗಿಸಿ, ಎಂಜಿನ್ ಓಡುತ್ತಿರುವಾಗ ಹಳದಿ ತಂತಿಗಳನ್ನು ಎರಡೆರಡಾಗಿ ಅಳೆದೆವು. ಮೂರು ಜೋಡಿಗಳೂ ಸಮನಾಗಿ ತೋರಿಸಿದ್ದರಿಂದ ಸ್ಟೇಟರ್ ಸರಿಯಿದೆ ಎಂದು ಖಚಿತವಾಯಿತು. ಎಂಜಿನ್ ವೇಗ ಹೆಚ್ಚಿದಂತೆ ಇಲ್ಲಿನ ವೋಲ್ಟೇಜ್ ಶಾಕ್ ಹೊಡೆಯುವಷ್ಟು ಏರುತ್ತದೆಯಾದ್ದರಿಂದ ಒದ್ದೆ ಕೈಯಲ್ಲಿ ಇದನ್ನು ಮಾಡಲೇಬಾರದು. ಎಂಜಿನ್ ಆರಿಸಿ, ಕರಗಿದ ಕಪ್ಲರನ್ನು ಕತ್ತರಿಸಿ ಎಸೆದು, ತಂತಿಗಳ ತುದಿಯನ್ನು ಹೊಳೆಯುವವರೆಗೆ ಕೆರೆದು ನೇರವಾಗಿ ಹೊಸೆದು, ಒಂದೊಂದಕ್ಕೂ ಬೇರೆ ಬೇರೆಯಾಗಿ ಟೇಪು ಸುತ್ತಿದೆವು. ಈ ಮೂರು ತಂತಿಗಳಲ್ಲಿ ಯಾವುದನ್ನು ಯಾವುದಕ್ಕೆ ಸೇರಿಸಿದರೂ ಬಾಧಕವಿಲ್ಲ, ಒಂದಕ್ಕೊಂದು ತಾಗಬಾರದು ಅಷ್ಟೆ. ಇನ್ನೊಮ್ಮೆ ಜಂಪ್ ಮಾಡಿ ನೋಡಿದಾಗ ಮೀಟರ್ 14.1 ತೋರಿಸಿತು.

ಆ ಹೊತ್ತಿಗೆ ಸಂಜೆ ನಾಲ್ಕೂವರೆ. ಕುದುರೆಮುಖದ ಕಾಡಿನ ದಾರಿಯಲ್ಲಿ ತನಿಖಾ ಠಾಣೆಯವರು ಸಮಯ ನಮೂದಿಸಿದ ಚೀಟಿ ಕೊಡುತ್ತಾರೆ, ನಡುವೆ ನಿಲ್ಲಲು ಬಿಡುವುದಿಲ್ಲ. ಮೊಬೈಲ್ ಸಿಗ್ನಲ್ಲೂ ಬಹುಪಾಲು ಇರುವುದಿಲ್ಲ. ತಾತ್ಕಾಲಿಕವಾಗಿ ಹೊಸೆದ ತಂತಿಯನ್ನು ನಂಬಿ ಅಲ್ಲಿಗೆ ನುಗ್ಗುವುದು ಸರಿಯಲ್ಲವೆನಿಸಿ ಶೃಂಗೇರಿಯಲ್ಲೇ ಉಳಿದೆವು. ಇಂತಹ ನಿರ್ಧಾರವನ್ನು ಬೆಳಕಿರುವಾಗಲೇ ತೆಗೆದುಕೊಳ್ಳಿ.

ಚಾರ್ಜಿಂಗ್ ಪೂರ್ತಿ ಹೋಗಿದ್ದು, ಬ್ಯಾಟರಿಯಲ್ಲಿ ಇನ್ನೂ ಶಕ್ತಿಯಿದ್ದರೆ, ಹತ್ತಿರದ ಊರು ಮುಟ್ಟಲು ಒಂದು ಉಪಾಯವಿದೆ. 2017ರಿಂದ ಬಂದ ಬೈಕುಗಳಲ್ಲಿ ಹೆಡ್‌ಲೈಟ್ ಆರಿಸುವ ಸ್ವಿಚ್ಚೇ ಇಲ್ಲ, ಆ ಬಲ್ಬು 55 ವ್ಯಾಟಿನ ಹ್ಯಾಲೊಜೆನ್ ಆಗಿದ್ದರೆ ಅದೊಂದೇ ನಾಲ್ಕು ಆಂಪಿಯರಿಗೂ ಮೇಲೆ ಎಳೆಯುತ್ತದೆ. ಹಗಲಿನಲ್ಲಿ, ಮಂಜಿಲ್ಲದಿದ್ದರೆ ಮಾತ್ರ, ಬಲ್ಬಿನ ಹಿಂದಿನ ಕಪ್ಲರ್ ಕಳಚಿ ನಿಧಾನವಾಗಿ ಸಾಗಬಹುದು. ಎಂಜಿನ್ ಮಾತ್ರ ಆರಿಸಬೇಡಿ.

ಗೆಳೆಯನ ಬೈಕಿನಲ್ಲಿ ಮರುದಿನ ಫ್ಯೂಸ್ ಹಾರಿತು. ಹ್ಯಾಂಡಲ್ ತಿರುಗುವೆಡೆ ಫಾಗ್ ಲೈಟಿನ ತಂತಿ ಉಜ್ಜಿ ಸವೆದಿತ್ತು. ಅದನ್ನು ಬಿಡಿಸಿಟ್ಟು ಅದೇ ಆಂಪಿಯರಿನ ಫ್ಯೂಸ್ ಹಾಕಿದೆವು. ಫ್ಯೂಸಿನ ಜಾಗಕ್ಕೆ ತಂತಿ ಸುತ್ತಿದವರ ಬೈಕಿನ ವಯರಿಂಗ್ ಪೂರ್ತಿ ಸುಟ್ಟದ್ದನ್ನು ನಾನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ.

ಈಗ ನನ್ನ ಸೀಟಿನ ಕೆಳಗೆ ಮಲ್ಟಿಮೀಟರ್, 10, 15, 20 ಆಂಪಿಯರಿನ ಫ್ಯೂಸುಗಳು, ಬ್ಯಾಟರಿ ಟರ್ಮಿನಲ್ ಬಿಗಿಯುವ ಸಾಧನ, ಒಂದು ಮೀಟರ್ ತಂತಿ, ಟೇಪು, ಚಾಕು, ಉಪ್ಪುಕಾಗದದ ತುಂಡು ಇರುತ್ತವೆ. ಊರಿಗೆ ಮರಳಿದ ಮೇಲೆ ಹೊಸೆದ ಜಾಗಕ್ಕೆ ಬೆಸುಗೆ ಹಾಕಿಸಿದೆ, ಉಳಿದ ಕಪ್ಲರುಗಳಿಗೆ ನೀರು ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿಸಿದೆ.