ಹಸಿರು ಹಾಳೆಗೆ 140 ಡಿಗ್ರಿ ಶಾಖ

ರಿವ್ಯೂ ಹತ್ತಿರ ಬಂದಾಗ ಮೇಲಿನವರಿಂದ ಮೇಲ್ ಬಂತು. ಮೈಗೆ ಅಂಟಿಸುವ ನಮ್ಮ ಇಸಿಜಿ ಪ್ಯಾಚಿಗೆ ಪಿಇಟಿ ಪ್ಲಾಸ್ಟಿಕ್ ಹಾಳೆ ಬೇಡ, ಪಿಎಲ್‌ಎ ಅನ್ನುವ ಗಿಡಮೂಲದ ಪ್ಲಾಸ್ಟಿಕ್ ಹಾಕಿ, ಮೆಕ್ಕೆಜೋಳದಿಂದ ಮಾಡಿದ್ದು ಅಂತ ಹೇಳಿಕೊಳ್ಳಬಹುದು. ಕೊನೆಯ ಸಾಲು: "ಉಳಿದದ್ದೆಲ್ಲ ಹಾಗೇ ಇರಲಿ." ಆ ಸಾಲಿನ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಹೇಗೆ ಇರುತ್ತದೆ ಹೇಳಿ? ಹಾಳೆಯ ಮೇಲೆ ಬಳಿಯುವ ನಮ್ಮ ಪೆಡಾಟ್-ಪಿಎಸ್‌ಎಸ್ ಇಂಕಿಗೆ (ವಿದ್ಯುತ್ ಹರಿಸುವ ಪಾಲಿಮರ್) ಗಾಪ್ಸ್ ಬೆರೆಸುತ್ತೇವೆ, ಪದರವನ್ನು ಕಟ್ಟಿಹಿಡಿಯುವ ರಾಸಾಯನಿಕ; ಅದು ಹಿಡಿದುಕೊಳ್ಳಬೇಕಾದರೆ 140 ಡಿಗ್ರಿಯಲ್ಲಿ ಕಾಯಿಸಬೇಕು. ಪಿಎಲ್‌ಎ 60ರ ಹತ್ತಿರವೇ ಮೆತ್ತಗಾಗುತ್ತದೆ. ಒಂದು ತುಂಡು ಹಾಟ್‌ಪ್ಲೇಟಿನ ಮೇಲೆ ಇಟ್ಟು ತೋರಿಸಿದೆ, ಕೆಂಡದ ಮೇಲಿನ ಹಪ್ಪಳದ ಹಾಗೆ ಮುದುಡಿತು. "ಹಾಗಾದ್ರೆ 50ರಲ್ಲಿ ರಾತ್ರಿಯೆಲ್ಲ ಇಡಿ" ಅಂದರು.

ಇಟ್ಟೆವು. ಬೆಳಿಗ್ಗೆ ಪದರ ಕಡುನೀಲಿ, ನುಣ್ಣಗೆ. ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಅಳೆಯುವ ಫೋರ್-ಪ್ರೋಬ್ ರೀಡಿಂಗ್ ಕೂಡ ಚೆನ್ನಾಗಿತ್ತು. ಎಲ್ಲರ ಮುಖ ಅರಳಿತು, ಸ್ಲೈಡಿಗೆ ಫೋಟೋ ಹೋಗಿಯೇಬಿಟ್ಟಿತು. ಜೂನಿಯರ್ ಹುಡುಗಿ ಮಾತ್ರ "ಮೇಡಂ, ಪಿಬಿಎಸ್ ಉಪ್ಪುನೀರಿನಲ್ಲಿ ನೆನೆಸಿ ನೋಡೋಣ್ವಾ?" ಅಂದಳು.

ಪೆಟ್ರಿ ಡಿಶ್ ಸುತ್ತ ನಿಂತೆವು. ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಅಂಚು ಎದ್ದಿತು, ಅಲ್ಲಿಂದ ಒಳಕ್ಕೆ ಸುಕ್ಕು ಹರಿಯಿತು. ಡಿಶ್ ಸ್ವಲ್ಪ ಅಲ್ಲಾಡಿಸಿದ್ದೇ ತಡ, ನೀಲಿ ಚೂರುಗಳು ತೇಲತೊಡಗಿದವು. ಇಂಕಿನಲ್ಲಿರುವ ಪಿಎಸ್‌ಎಸ್‌ಗೆ ನೀರು ಅಂದರೆ ಪ್ರಾಣ. ಕಟ್ಟಿಹಾಕದಿದ್ದರೆ ಹೀರಿಕೊಂಡು ಉಬ್ಬುತ್ತದೆ. ಬೆವರಿನಲ್ಲೂ ಇದೇ ಕಥೆ, ಅಲ್ವಾ?

ಗಾಪ್ಸ್ ಬದಲು ಡಿವಿಎಸ್ ಅನ್ನುವ ಇನ್ನೊಂದು ರಾಸಾಯನಿಕ ಹಾಕಿ, ಬಿಸಿಯೇ ಬೇಕಿಲ್ಲ ಅಂತ ಸಲಹೆ ಬಂತು. ನಿಜ, ಅದು ಕೋಣೆಯ ಉಷ್ಣತೆಯಲ್ಲೇ ಕೆಲಸ ಮಾಡುತ್ತದೆ. ಆದರೆ ಅದು ಘೋರ ವಿಷ. ಫ್ಯೂಮ್ ಹುಡ್ ಮುಂದೆ ನಿಲ್ಲುವವಳು ಇದೇ ಹುಡುಗಿ. ಅವಳಿಗೆ ವಿಷದ ಜೊತೆ ಕೆಲಸ, ಪ್ಯಾಚಿಗೆ ಹಸಿರು ಲೇಬಲ್. ಇದನ್ನು ನಾನು ಒಪ್ಪಲಿಲ್ಲ. ಅದೂ ಅಲ್ಲದೆ ಪಿಎಲ್‌ಎ ಹಿತ್ತಲ ಮಣ್ಣಿನಲ್ಲಿ ಸುಮ್ನೆ ಕೊಳೆಯುವುದಿಲ್ಲ, ಕಾರ್ಖಾನೆ ಕಾಂಪೋಸ್ಟಿನಂಥ ಬಿಸಿ ಬೇಕು. ಬಳಸಿದ ಪ್ಯಾಚ್ ಹೋಗುವುದು ಆಸ್ಪತ್ರೆಯ ಕಸದ ಚೀಲಕ್ಕೆ, ಕಾಂಪೋಸ್ಟ್ ಗುಂಡಿಗಲ್ಲ.

150 ಡಿಗ್ರಿಗಿಂತ ಜಾಸ್ತಿ ಕಾಯಿಸಿದರೆ ಗಾಪ್ಸ್, ಡಿವಿಎಸ್‌ನಂಥ ಕ್ರಾಸ್‌ಲಿಂಕರ್ ಇಲ್ಲದೆಯೂ ಪದರ ನೀರಿನಲ್ಲಿ ನಿಲ್ಲುತ್ತದೆ ಅಂತ ರೈಸ್, ಕೇಂಬ್ರಿಡ್ಜ್, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳವರು 2025ರಲ್ಲಿ ತೋರಿಸಿದ್ದಾರೆ. ಗಾಪ್ಸ್ ಬಿಡಬೇಕಾದರೆ ಬಿಸಿ ತಡೆಯುವ ಹಾಳೆ ಬೇಕು. ಹಾಗಾಗಿ ಈಗ ಸೆಲ್ಯುಲೋಸ್ ಹಾಳೆ ಹಿಡಿದಿದ್ದೇವೆ. ನೆನೆಸಿದ ಮೇಲಿನ ರೀಡಿಂಗ್ ಇಲ್ಲದ ಸ್ಲೈಡಿಗೆ ನನ್ನ ಹೆಸರು ಹಾಕಬೇಡಿ ಅಂತ ಮೇಲಿನವರಿಗೆ ಬರೆದು ಕೊಟ್ಟಿದ್ದೇನೆ.