ತೇವ ಅಳೆಯುವ ಪೆನ್ನು, ಬಿಸಿನೀರಿನ ಕೈ

ಜನವರಿ 18, ಭಾನುವಾರ
ಶಿಡ್ಲಘಟ್ಟ

ಬೆಳಗಿನಿಂದ ಒಣಗಾಳಿ. ರೇಷ್ಮೆ ನೂಲು ತೆಗೆಯುವವರ ಕೈಗೆ ಇದು ಕೆಟ್ಟ ಕಾಲ. ದಿನವಿಡೀ ಬಿಸಿನೀರಲ್ಲಿ ಕೈಯಾಡಿಸಿ ಗೂಡಿನ ಎಳೆ ಹುಡುಕಬೇಕು, ಹೊರಗೆ ಬಂದರೆ ಈ ಗಾಳಿ. ಬೆರಳ ಸಂದಿಯಲ್ಲಿ ಸೀಳು, ಮುಂಗೈ, ಅಂದರೆ ಅಂಗೈಯ ಹಿಂಬದಿಯ ಮೇಲೆ ಬಿಳಿ ಹೊಟ್ಟು. ಆದರೂ ಕೆಲಸ ಬಿಟ್ಟ ಕೂಡಲೇ ಆ ಕೈ ಮೇಲೆ ತೇವ ಅಳೆಯುವ ಪೆನ್ನು ಇಟ್ಟರೆ ಅಂಕಿ ಚೆನ್ನಾಗಿಯೇ ಬರುತ್ತದೆ! ಚರ್ಮದ ಮೇಲ್ಪದರ ನೀರು ಕುಡಿದು ಉಬ್ಬಿರುತ್ತದೆ, ಪೆನ್ನು ಅದನ್ನು ತೋರಿಸುತ್ತದೆ, ಅಷ್ಟೇ. ನೀರನ್ನು ಹಿಡಿದಿಡುವ ಶಕ್ತಿ ಹೋಗಿದೆಯೇ ಎಂಬುದು ಆ ಒಂದು ಅಂಕಿಯಲ್ಲಿ ಕಾಣುವುದಿಲ್ಲ.

ಹಾಗಾಗಿ ಕೈ ಒರೆಸಿ, ಬಿಸಿಲು, ಫ್ಯಾನು ಎರಡೂ ಇಲ್ಲದ ಕಡೆ 20 ನಿಮಿಷ ಕೂರಿಸಿ ಮುಂಗೈಯನ್ನು ಒಮ್ಮೆ ಅಳೆಯಿರಿ, ಗಂಟೆ ಬಿಟ್ಟು ಇನ್ನೊಮ್ಮೆ. ನೀರಿಗೆ ತಾಗದ ಮೊಣಕೈ ಕೆಳಗಿನ ಒಳಭಾಗವನ್ನೂ ಜೊತೆಗೇ ಅಳೆಯಿರಿ. ಅದು ಹೆಚ್ಚುಕಡಿಮೆ ನಿಂತಲ್ಲೇ ನಿಂತು ಮುಂಗೈ ಮಾತ್ರ ಇಳಿಯುತ್ತಾ ಹೋದರೆ ಗಮನ ಕೊಡಬೇಕು. ಅಂಗೈ ಬೇಡ, ಅಲ್ಲಿ ಬೆವರು ಲೆಕ್ಕ ಕೆಡಿಸುತ್ತದೆ.

ಪ್ರಯೋಗಾಲಯದಲ್ಲಿ ಚರ್ಮದ ತೇವ ಅಳೆಯುವ ಕಾರ್ನಿಯೋಮೀಟರ್ ಎಂಬ ಯಂತ್ರ ಕೆಪಾಸಿಟೆನ್ಸ್ ಅಳೆಯುತ್ತದೆ, ಅಂದರೆ ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ. ಒಂದು ವಸ್ತು ಈ ಸಾಮರ್ಥ್ಯವನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂದು ಹೇಳುವ ಅಂಕಿ ಡೈಎಲೆಕ್ಟ್ರಿಕ್ ಸ್ಥಿರಾಂಕ; ನೀರಿನದು ಸುಮಾರು 80, ಎಣ್ಣೆಯದು 3ರ ಆಸುಪಾಸು. ಈ ಅಂತರವೇ ಅದಕ್ಕೆ ಆಧಾರ. ನೋಡುವ ಆಳ 10ರಿಂದ 20 ಮೈಕ್ರೋಮೀಟರ್. ಜೇಬಿನ ಪೆನ್ನುಗಳಲ್ಲಿ ಹಲವು ಎರಡು ಲೋಹದ ತುದಿಗಳ ನಡುವೆ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ನೋಡುತ್ತವೆ. ಬೆವರಿನ ಉಪ್ಪು ಇದ್ದರೆ ಅಂಕಿ ಜಿಗಿಯುವುದು ಅದಕ್ಕೇ. ಪರದೆಯಲ್ಲಿ ಶೇಕಡಾ ಚಿಹ್ನೆ ಕಂಡರೂ ಅದು ಚರ್ಮದಲ್ಲಿರುವ ನೀರಿನ ನಿಜವಾದ ಶೇಕಡಾವಾರು ಅಲ್ಲ. ಒಂದು ಪೆನ್ನಿನ 38ನ್ನು ಇನ್ನೊಂದರ 38ಕ್ಕೆ ಹೋಲಿಸಬೇಡಿ.

ಕೊಬ್ಬರಿ ಎಣ್ಣೆ ಹಚ್ಚಿದ ಕೈಯಲ್ಲಿ ಅಂಕಿ ಇಳಿಯುತ್ತದೆ. ಎಣ್ಣೆ ಚರ್ಮ ಒಣಗಿಸಿತು ಅಂದುಕೊಳ್ಳಬೇಡಿ, ಸೆನ್ಸರಿಗೂ ಚರ್ಮಕ್ಕೂ ನಡುವೆ ಜಿಡ್ಡು ಕೂತಿದೆ. ಗ್ಲಿಸರಿನ್ ಕ್ರೀಮು ಇದಕ್ಕೆ ಉಲ್ಟಾ, ತಾನೇ ಅಂಕಿ ಏರಿಸಿಬಿಡುತ್ತದೆ. ಹಿಂದಿನ ರಾತ್ರಿಯಿಂದ ಏನೂ ಹಚ್ಚದಿದ್ದರೆ ಮಾತ್ರ ಅಳತೆ ನಂಬಬಹುದು.

ಪೆನ್ನನ್ನು ನೆಟ್ಟಗೆ ಇಡಿ. ಓರೆಯಾದರೆ ತುದಿಯ ಒಂದಂಚು ಮಾತ್ರ ತಾಗಿ ಅಂಕಿ ಕಮ್ಮಿಯಾಗುತ್ತದೆ, ಅದುಮಿದರೆ ಹೆಚ್ಚು. ಒಂದೇ ಚುಕ್ಕೆಯ ಮೇಲೆ ಮತ್ತೆ ಮತ್ತೆ ಒತ್ತಿದರೆ ಮುಚ್ಚಿದ ಜಾಗದಲ್ಲಿ ತೇವ ಸೇರಿ ಅಂಕಿ ಏರುತ್ತಾ ಹೋಗುತ್ತದೆ. ಅರ್ಧ ಬೆರಳಷ್ಟು ಸರಿಸುತ್ತಾ ಐದು ಸಲ ಅಳೆಯಿರಿ. 31, 33, 32, 41, 32 ಬಂತು ಅನ್ನಿ. ಸರಾಸರಿ ತೆಗೆದರೆ ಆ 41 ಎಲ್ಲವನ್ನೂ ಮೇಲಕ್ಕೆ ಎಳೆಯುತ್ತದೆ. ಸಾಲಾಗಿ ಜೋಡಿಸಿ ನಡುವಿನ 32 ಬರೆದುಕೊಳ್ಳಿ, ಪಕ್ಕದಲ್ಲಿ ಹೊತ್ತು, ಕೋಣೆಯ ಉಷ್ಣಾಂಶ, ಗಾಳಿಯ ತೇವ. ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ತುದಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಪೂರ್ತಿ ಆರಿದ ಮೇಲೇ ಮುಂದಿನ ಕೈಗೆ ಇಡಿ.