ಕುಡಿದು ಕಾರು ಓಡಿಸಿದವರು ತಂಡದಲ್ಲೇ ಉಳಿದರು, ಒಳಗೆ ಕೂತಿದ್ದವನ ಕೆಲಸ ಹೋಯಿತು

2019ರ ಸೆಪ್ಟೆಂಬರ್ 24ರ ರಾತ್ರಿ ಇಂಗ್ಲೆಂಡಿನ ಡರ್ಬಿ ಕೌಂಟಿ ಫುಟ್‌ಬಾಲ್ ಕ್ಲಬ್ಬಿನ ಆಟಗಾರರು ಒಟ್ಟಾಗಿ ಊಟಕ್ಕೆ ಸೇರಿದ್ದರು. ಊಟವಾದ ಮೇಲೂ ಕೆಲವರು ಕುಡಿಯುತ್ತ ಉಳಿದರು. ಮನೆಗೆ ಬಿಟ್ಟುಬರಲು ಕ್ಲಬ್ಬೇ ಕಾರುಗಳ ವ್ಯವಸ್ಥೆ ಮಾಡಿತ್ತು. ಅದನ್ನು ಬಿಟ್ಟು ಟಾಮ್ ಲಾರೆನ್ಸ್ ಮತ್ತು ಮೇಸನ್ ಬೆನೆಟ್ ತಮ್ಮ ತಮ್ಮ ಕಾರು ಹತ್ತಿದರು. ದಾರಿಯಲ್ಲಿ ಲಾರೆನ್ಸ್ ಕಾರು ಬೆನೆಟ್ ಕಾರಿಗೆ ಹಿಂದಿನಿಂದ ಗುದ್ದಿತು. ಲಾರೆನ್ಸ್ ಕಾರಿನಲ್ಲಿದ್ದ ತಂಡದ ಕ್ಯಾಪ್ಟನ್ ರಿಚರ್ಡ್ ಕೀಯೋ ಅವರ ಮೊಣಕಾಲು ತಿಂಗಳುಗಟ್ಟಲೆ ಆಡಲಾಗದಷ್ಟು ಜಖಂ ಆಯಿತು.

ಕುಡಿದು ಓಡಿಸಿದ್ದನ್ನೂ ಅಪಘಾತದ ಜಾಗದಲ್ಲಿ ನಿಲ್ಲದೆ ಹೋದದ್ದನ್ನೂ ಇಬ್ಬರು ಚಾಲಕರೂ ಕೋರ್ಟಿನಲ್ಲಿ ಒಪ್ಪಿಕೊಂಡರು. ಇಬ್ಬರಿಗೂ ಎರಡು ವರ್ಷ ಲೈಸೆನ್ಸ್ ರದ್ದು, 180 ಗಂಟೆ ಸಂಬಳವಿಲ್ಲದ ಸಮುದಾಯ ಸೇವೆ. ಕ್ಲಬ್ಬು ಆರು ವಾರದ ಸಂಬಳವನ್ನು ದಂಡವಾಗಿ ಹಿಡಿಯಿತು, ಮತ್ತೆ ಕಣಕ್ಕೂ ಇಳಿಸಿತು. ಕೀಯೋ ಅವರಿಗೆ ಮಾತ್ರ ಸಂಬಳ ತಗ್ಗಿಸಿಕೊಳ್ಳಲು ಹೇಳಿತು. ಅವರು ಒಪ್ಪದಿದ್ದಾಗ ಅಕ್ಟೋಬರ್ ಕೊನೆಯಲ್ಲಿ ಗಂಭೀರ ದುರ್ನಡತೆಯ ಕಾರಣ ಕೊಟ್ಟು ಕೆಲಸದಿಂದ ತೆಗೆಯಿತು. ಲೀಗಿನ ವಿವಾದ ಆಯೋಗ ಅದನ್ನು ದುರ್ನಡತೆ ಎಂದು ಒಪ್ಪಲಿಲ್ಲ. ಮೇಲ್ಮನವಿಯಲ್ಲೂ ಕ್ಲಬ್ಬು ಸೋತಿತು. ಒಪ್ಪಂದದ ಉಳಿದ ಅವಧಿಗೆ ಸುಮಾರು 23 ಲಕ್ಷ ಪೌಂಡ್ ಪರಿಹಾರ ಕೊಡಬೇಕಾಯಿತು.

ಅಪರಾಧ ಮಾಡಿದ ಇಬ್ಬರೂ ಆಡಬಲ್ಲವರು, ಮಾರಿದರೆ ಬೆಲೆ ಬರುವವರು. ಪ್ರಯಾಣಿಕನಾಗಿ ಕೂತವರಿಗೆ ಆಗಲೇ 33 ವರ್ಷ, ಮೊಣಕಾಲೂ ಜಖಂ ಆಗಿತ್ತು. ಶಿಕ್ಷೆ ತಪ್ಪಿನ ಅಳತೆಗೆ ಬಿದ್ದಿತೋ ಆಟಗಾರನ ಬೆಲೆಯ ಅಳತೆಗೆ ಬಿದ್ದಿತೋ ಎಂಬ ಪ್ರಶ್ನೆಗೆ ಆ ಕ್ಲಬ್ಬಿನ ಬಳಿ ಗಟ್ಟಿ ಉತ್ತರವಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಶಿಕ್ಷೆಯ ಪ್ರಮಾಣವನ್ನು ಸೀಸನ್ ಶುರುವಾಗುವ ಮೊದಲೇ, ಯಾರ ಹೆಸರೂ ಕಣ್ಣಮುಂದೆ ಇಲ್ಲದಾಗ ಬರೆದಿಡಬೇಕು. ಘಟನೆ ನಡೆದ ಮೇಲೆ ಕೂತು ಲೆಕ್ಕ ಹಾಕಿದರೆ ಪಾಯಿಂಟ್ಸ್ ಟೇಬಲ್ಲು, ಮುಂದಿನ ಪಂದ್ಯ, ವರ್ಗಾವಣೆಯ ಮೊತ್ತ ಎಲ್ಲವೂ ಆ ಲೆಕ್ಕದೊಳಗೆ ಸೇರಿಬಿಡುತ್ತವೆ.

ಕ್ಲಬ್ಬಿನ ಕೈ ಎಷ್ಟು ಉದ್ದ ಎಂಬುದನ್ನು ಒಪ್ಪಂದವೇ ಹೇಳುತ್ತದೆ. ಇಂಗ್ಲೆಂಡಿನ ವೃತ್ತಿಪರ ಫುಟ್‌ಬಾಲಿನ ಮಾದರಿ ಒಪ್ಪಂದದಲ್ಲಿ ಮೊದಲ ತಪ್ಪಿಗೆ ಹೆಚ್ಚೆಂದರೆ ಎರಡು ವಾರದ ಮೂಲ ಸಂಬಳ ದಂಡ. ಹನ್ನೆರಡು ತಿಂಗಳೊಳಗೆ ಮತ್ತೆ ತಪ್ಪಾದರೆ ನಾಲ್ಕು ವಾರದ ತನಕ. ಮೊದಲ ತಪ್ಪಿಗೇ ಎರಡು ವಾರ ಮೀರಬೇಕಾದರೆ ಆಟಗಾರರ ಸಂಘವಾದ ಪಿಎಫ್‌ಎ ಒಪ್ಪಬೇಕು. ಕ್ಲಬ್ಬಿನ ಆವರಣದಿಂದ ದೂರವಿಡುವುದೂ ನಾಲ್ಕು ವಾರಕ್ಕೆ ಸೀಮಿತ. ಕೆಲಸದಿಂದಲೇ ತೆಗೆಯಲು ಮೂರು ದಾರಿಗಳಿವೆ: ಗಂಭೀರ ದುರ್ನಡತೆ, ಕೊನೆಯ ಲಿಖಿತ ಎಚ್ಚರಿಕೆಯನ್ನು ಕಡೆಗಣಿಸುವುದು, ಇಲ್ಲವೇ ಅಮಾನತಿನಲ್ಲಿಡದ ಮೂರು ತಿಂಗಳು ಅಥವಾ ಹೆಚ್ಚಿನ ಜೈಲು ಶಿಕ್ಷೆ. 2017ರಲ್ಲಿ ವೇಯ್ನ್ ರೂನಿ ಕುಡಿದು ಓಡಿಸಿ ಸಿಕ್ಕಿಬಿದ್ದಾಗ ಎವರ್ಟನ್ ಎರಡು ವಾರದ ಸಂಬಳ ಹಿಡಿದದ್ದು ಈ ಮಿತಿಯಿಂದಲೇ. ದಂಡ ಕಡಿಮೆಯಾಯಿತು ಎಂದು ಕೂಗುವವರು ಈ ಮಿತಿಯನ್ನೂ ನೋಡಬೇಕು. ಪಿಎಫ್‌ಎ ಒಪ್ಪಿಗೆಯಿಲ್ಲದೆ ಮಿತಿ ಮೀರಿ ಸಂಬಳ ಹಿಡಿದರೆ ಅದು ಅಕ್ರಮ ಕಡಿತವಾಗಿ ಕ್ಲಬ್ಬಿನ ಮೇಲೇ ಕೇಸು ತಿರುಗುತ್ತದೆ.

ಮೂರು ತಿಂಗಳ ಜೈಲಿನ ಷರತ್ತು ಕ್ಲಬ್ಬಿಗೆ ಹಕ್ಕು ಕೊಡುತ್ತದೆಯೇ ಹೊರತು ಕಡ್ಡಾಯ ಮಾಡುವುದಿಲ್ಲ. ಕುಡಿದು ಕಾರು ಗುದ್ದಿಸಿದ ಕೇಸಿನಲ್ಲಿ ಆರ್ಸೆನಲ್ ಕ್ಲಬ್ಬಿನ ಟೋನಿ ಆಡಮ್ಸ್ 1990ರ ಡಿಸೆಂಬರಿನಲ್ಲಿ ನಾಲ್ಕು ತಿಂಗಳ ಶಿಕ್ಷೆಗೆ ಜೈಲಿಗೆ ಹೋದರು. ಆರ್ಸೆನಲ್ ಅವರನ್ನು ಕೈಬಿಡಲಿಲ್ಲ, ಆ ಸೀಸನ್ನಿನ ಲೀಗನ್ನೂ ಗೆದ್ದಿತು. ವೆಸ್ಟ್ ಬ್ರಾಮ್ ಆಟಗಾರ ಲೀ ಹ್ಯೂಸ್ 2003ರಲ್ಲಿ ಕಾರು ಅಪಘಾತದಲ್ಲಿ ಒಬ್ಬರ ಸಾವಿಗೆ ಕಾರಣನಾಗಿ 2004ರಲ್ಲಿ ಆರು ವರ್ಷದ ಶಿಕ್ಷೆಗೆ ಗುರಿಯಾದಾಗ ಕ್ಲಬ್ಬು ಒಪ್ಪಂದ ಮುರಿಯಿತು.

ಹ್ಯೂಸ್ ಪ್ರಕರಣದಲ್ಲಿ ಇನ್ನೊಂದು ಸಂಗತಿ ಇದೆ. ಅಪಘಾತದ ಜಾಗದಿಂದ ಓಡಿಹೋದ ಆತ ಪೊಲೀಸರ ಮುಂದೆ ಬಂದದ್ದು ಒಂದೂವರೆ ದಿನದ ನಂತರ. ಅಷ್ಟು ಹೊತ್ತಿಗೆ ಕುಡಿದಿದ್ದನೋ ಇಲ್ಲವೋ ಎಂದು ಅಳೆಯಲು ಮೈಯಲ್ಲಿ ಏನೂ ಉಳಿದಿರುವುದಿಲ್ಲ. ಕ್ಲಬ್ಬುಗಳ ನಿಯಮಗಳು ಎಡವುವುದು ಇಲ್ಲೇ. ಕುಡಿದದ್ದಕ್ಕೆ ಇಷ್ಟು ಎಂದು ಬರೆದು, ಓಡಿಹೋದದ್ದಕ್ಕೆ ಏನೂ ಬರೆಯದಿದ್ದರೆ ನಿಂತು ಆಂಬುಲೆನ್ಸ್ ಕರೆದು ಊದಿದವನಿಗೆ ಶಿಕ್ಷೆ, ಓಡಿದವನಿಗೆ ಸಂಶಯದ ಲಾಭ. ಇಂಗ್ಲೆಂಡಿನ ಕಾನೂನು ಸ್ಯಾಂಪಲ್ ಕೊಡಲು ನಿರಾಕರಿಸುವುದನ್ನು ಕುಡಿದು ಓಡಿಸಿದಷ್ಟೇ ಗಂಭೀರವಾಗಿ ನೋಡುತ್ತದೆ. ಕ್ಲಬ್ಬೂ ಹಾಗೇ ಮಾಡಬೇಕು: ಜಾಗ ಬಿಟ್ಟು ಹೋದರೆ, ಊದಲು ಒಪ್ಪದಿದ್ದರೆ, ಬೇರೆಯವರು ಓಡಿಸುತ್ತಿದ್ದರು ಎಂದು ಹೇಳಿಸಿದರೆ ನೇರವಾಗಿ ಮೇಲಿನ ಹಂತದ ಶಿಕ್ಷೆ.

ಸುಳ್ಳಿಗೂ ಇದೇ ಅಳತೆ. 2008ರಲ್ಲಿ ಆಸ್ಟ್ರೇಲಿಯಾದ ಕಾಲಿಂಗ್‌ವುಡ್ ಕ್ಲಬ್ಬಿನ ಹೀತ್ ಶಾ ಕುಡಿದು ಕಾರು ಗುದ್ದಿಸಿದರು. ಜೊತೆಗಿದ್ದ ಅಲನ್ ಡಿಡಾಕ್ ಕಾರಿನಲ್ಲಿ ಇರಲೇ ಇಲ್ಲ ಎಂದು ಇಬ್ಬರೂ ಕ್ಲಬ್ಬಿಗೆ ಹೇಳಿದರು. ಸತ್ಯ ಹೊರಬಿದ್ದಾಗ ಕ್ಲಬ್ಬು ಇಬ್ಬರನ್ನೂ ಸೀಸನ್ ಮುಗಿಯುವವರೆಗೆ ಹೊರಗಿಟ್ಟಿತು. ಡಿಡಾಕ್ ಸ್ಟಿಯರಿಂಗ್ ಮುಟ್ಟಿರಲಿಲ್ಲ, ಹೊರಗಿಟ್ಟದ್ದು ಸುಳ್ಳಿಗೆ. ಪ್ರಯಾಣಿಕನಿಗೆ ಶಿಕ್ಷೆ ಕೊಡಲು ನ್ಯಾಯವಾದ ಆಧಾರ ಇಂಥದ್ದು. ಡರ್ಬಿಯ ಬಳಿ ಅದಿರಲಿಲ್ಲ.

ಘಟನೆಯ ಮರುದಿನ ಮಾಡಬೇಕಾದ್ದು ಸ್ವಲ್ಪವೇ, ಆದರೆ ಅದರಲ್ಲೇ ಹೆಚ್ಚು ತಪ್ಪುಗಳಾಗುತ್ತವೆ. ಬಂಧನ, ಕೇಸು, ಲೈಸೆನ್ಸ್ ಜಪ್ತಿ ಯಾವುದಾದರೂ ಆದರೆ 24 ಗಂಟೆಯೊಳಗೆ ಆಟಗಾರ ಕ್ಲಬ್ಬಿನ ಕಾರ್ಯದರ್ಶಿಗೆ ಬರಹದಲ್ಲಿ ತಿಳಿಸಬೇಕು. ಕೋಚ್‌ಗೆ ಹೇಳಿದರೆ ಸಾಕು ಎಂದಿಟ್ಟರೆ ವಿಷಯ ಅಲ್ಲೇ ನಿಲ್ಲುತ್ತದೆ, ಏಕೆಂದರೆ ಕೋಚ್‌ಗೆ ಶನಿವಾರದ ತಂಡ ಮುಖ್ಯ. ಕಾರ್ಯದರ್ಶಿ ದಿನಾಂಕ, ಜಾಗ, ಯಾವ ಕಲಮು, ಯಾರಿಗಾದರೂ ಗಾಯವಾಯಿತೇ, ವಾಹನ ಯಾರದು, ಮುಂದಿನ ಕೋರ್ಟ್ ದಿನ ಯಾವುದು ಎಂಬುದನ್ನಷ್ಟೇ ಬರೆದುಕೊಳ್ಳಬೇಕು. ಎಷ್ಟು ಕುಡಿದೆ, ಯಾಕೆ ಓಡಿಸಿದೆ ಎಂದು ಆ ದಿನವೇ ಕೆದಕಬಾರದು. ಕ್ಲಬ್ಬಿನ ಕೋಣೆಯಲ್ಲಿ ಬರೆದುಕೊಂಡ ಟಿಪ್ಪಣಿ ಪೊಲೀಸರ ಕೈಗೂ ಹೋಗಬಹುದು, ಆಟಗಾರನ ವಕೀಲರು ಅದನ್ನೇ ಹಿಡಿದು ಕ್ಲಬ್ಬಿನ ವಿಚಾರಣೆಯೇ ಅನ್ಯಾಯದ್ದು ಎನ್ನಲೂಬಹುದು. ತಪ್ಪೊಪ್ಪಿಕೊಂಡ ಮೇಲೆ ಅಥವಾ ತೀರ್ಪು ಬಂದ ಮೇಲೆ ಶಿಸ್ತಿನ ವಿಚಾರಣೆ. ಅಲ್ಲಿಯವರೆಗೆ ಕ್ಲಬ್ಬಿನ ಮತ್ತು ಪ್ರಾಯೋಜಕರ ವಾಹನದ ಕೀ ವಾಪಸು, ಮಕ್ಕಳ ಕಾರ್ಯಕ್ರಮಗಳಿಗೆ ಕಳಿಸುವುದು ಬೇಡ, ಪೂರ್ತಿ ಸಂಬಳ ಮುಂದುವರಿಯಲಿ. ಇದು ಶಿಕ್ಷೆಯಲ್ಲ ಎಂದು ಪತ್ರದಲ್ಲೇ ಬರೆದಿರಲಿ.

ಶಿಕ್ಷೆಯ ಹಂತಗಳನ್ನು ನಾನು ಹೀಗೆ ಬರೆಯುತ್ತೇನೆ. ವೇಗಮಿತಿ ಮೀರುವುದು, ಓಡಿಸುತ್ತ ಮೊಬೈಲ್ ಹಿಡಿಯುವುದು ಒಮ್ಮೆ ಆದರೆ ಕ್ಲಬ್ಬು ಕೈಹಾಕುವುದು ಬೇಡ, ಕೋರ್ಟಿನ ದಂಡ ಸಾಕು. ಇಂಗ್ಲೆಂಡಿನಲ್ಲಿ ಮೊಬೈಲಿಗೆ ಲೈಸೆನ್ಸಿನ ಮೇಲೆ ಆರು ದಂಡದ ಪಾಯಿಂಟ್, ಮೂರು ವರ್ಷದಲ್ಲಿ ಹನ್ನೆರಡಾದರೆ ಸಾಮಾನ್ಯವಾಗಿ ಆರು ತಿಂಗಳು ಲೈಸೆನ್ಸ್ ಹೋಗುತ್ತದೆ. ಆ ಹಂತಕ್ಕೆ ಬಂದವನಿಗೆ ಲಿಖಿತ ಎಚ್ಚರಿಕೆ. ಯಾರಿಗೂ ಪೆಟ್ಟಾಗದೆ ಕುಡಿದು ಓಡಿಸಿ ಸಿಕ್ಕಿದರೆ ಒಪ್ಪಂದ ಬಿಡುವಷ್ಟು ಪೂರ್ತಿ ದಂಡ, ಕೊನೆಯ ಎಚ್ಚರಿಕೆ, ಮದ್ಯದ ಬಗ್ಗೆ ತಜ್ಞರ ಮೌಲ್ಯಮಾಪನ. ಈ ಮೌಲ್ಯಮಾಪನವನ್ನು ಬಿಟ್ಟೇಬಿಡುವ ಕ್ಲಬ್ಬುಗಳಿವೆ, ಅದು ನನಗೆ ನೋವಿನ ವಿಷಯ. ಆಡಮ್ಸ್ ತಾನು ಮದ್ಯವ್ಯಸನಿ ಎಂದು ಬಹಿರಂಗವಾಗಿ ಹೇಳಿದ್ದು 1996ರಲ್ಲಿ, ಜೈಲಿನಿಂದ ಬಂದು ಐದು ವರ್ಷಕ್ಕೂ ಹೆಚ್ಚು ಕಾಲದ ಮೇಲೆ. ಅಪಘಾತ ಮತ್ತು ಗಾಯವಾದರೆ ಇದರ ಮೇಲೆ ಆವರಣದಿಂದ ನಾಲ್ಕು ವಾರ ಹೊರಗೆ. ಸಾವಾದರೆ, ತೀರ್ಪು ಬಂದ ಕೂಡಲೇ ಒಪ್ಪಂದ ಮುರಿಯುವ ವಿಚಾರಣೆ.

ಕ್ಯಾಪ್ಟನ್ ಸ್ಥಾನ ಬೇರೆ ಮಾತು. ಅದು ಸಂಬಳವಲ್ಲ, ಒಪ್ಪಂದದ ಹಕ್ಕೂ ಅಲ್ಲ. ಕೊಟ್ಟವರು ವಾಪಸು ಪಡೆಯಬಹುದು. 2018ರಲ್ಲಿ ವಿಶ್ವಕಪ್ ಎತ್ತಿ ಕೆಲವೇ ವಾರಗಳಲ್ಲಿ ಫ್ರಾನ್ಸ್ ಫುಟ್‌ಬಾಲ್ ತಂಡದ ನಾಯಕ ಹ್ಯೂಗೊ ಲೋರಿಸ್ ಲಂಡನ್ನಿನಲ್ಲಿ ಮಿತಿಯ ಎರಡು ಪಟ್ಟಿಗೂ ಹೆಚ್ಚು ಕುಡಿದು ಸಿಕ್ಕಿಬಿದ್ದರು. 50,000 ಪೌಂಡ್ ದಂಡ, 20 ತಿಂಗಳು ಲೈಸೆನ್ಸ್ ರದ್ದು. ಅವರ ಕ್ಲಬ್ಬಾದ ಟಾಟನ್‌ಹ್ಯಾಮಿನ ಕ್ಯಾಪ್ಟನ್ ಪಟ್ಟಿ ಮಾತ್ರ ಅವರ ತೋಳಲ್ಲೇ ಉಳಿಯಿತು. ಶ್ರೀಲಂಕಾದಲ್ಲಿ ಇನ್ನೂ ಮುಂದೆ ಹೋದರು: 2019ರ ಮಾರ್ಚ್ 31ರಂದು ಕೊಲಂಬೊದಲ್ಲಿ ಕುಡಿದು ಆಟೊಗೆ ಗುದ್ದಿ ಚಾಲಕನಿಗೆ ಗಾಯ ಮಾಡಿದ ಟೆಸ್ಟ್ ನಾಯಕ ದಿಮುತ್ ಕರುಣಾರತ್ನೆಗೆ ಮಂಡಳಿ 7,500 ಡಾಲರ್ ದಂಡ ಹಾಕಿ, ಅದೇ ಏಪ್ರಿಲಿನಲ್ಲಿ ವಿಶ್ವಕಪ್ಪಿಗೆ ಏಕದಿನ ತಂಡದ ನಾಯಕತ್ವವನ್ನೂ ಕೊಟ್ಟಿತು. ನಾಯಕನಾಗಿ ಅವರು ಚೆನ್ನಾಗಿಯೇ ನಡೆಸಿದರು ನಿಜ. ಆದರೂ ಗಾಯಗೊಂಡ ಆಟೊ ಚಾಲಕನ ಮನೆಯವರಿಗೆ ಆ ಸುದ್ದಿ ಹೇಗೆ ಕೇಳಿಸಿರಬೇಕು? ಲೈಸೆನ್ಸ್ ರದ್ದಾಗಿರುವಷ್ಟು ದಿನ ನಾಯಕತ್ವವೂ ಇಲ್ಲ ಎಂಬ ಒಂದು ಸಾಲು ನಿಯಮದಲ್ಲಿದ್ದರೆ ಸಾಕು, ಯಾರೂ ಯಾರ ಮುಖವನ್ನೂ ನೋಡಿ ತೀರ್ಮಾನಿಸಬೇಕಿಲ್ಲ.

ಡರ್ಬಿ ಊಟಕ್ಕೆ ಮತ್ತೆ ಬರುತ್ತೇನೆ. ಕಾರು ಇಟ್ಟಿದ್ದರೂ ಹುಡುಗರು ಹತ್ತಲಿಲ್ಲ, ಏಕೆಂದರೆ ಸ್ವಂತ ಕಾರು ಹೊರಗೇ ನಿಂತಿತ್ತು, ಕೀ ಜೇಬಿನಲ್ಲಿತ್ತು. ತಂಡದ ಊಟವಿದ್ದ ದಿನ ಎಲ್ಲರ ಕಾರೂ ಅಭ್ಯಾಸದ ಮೈದಾನದಲ್ಲೇ ನಿಲ್ಲಲಿ, ಅಲ್ಲಿಂದ ಬಸ್ಸಿನಲ್ಲಿ ಊಟಕ್ಕೆ, ಊಟದಿಂದ ಬಸ್ಸಿನಲ್ಲೇ ಮನೆಗೆ. ಬೆಳಗ್ಗೆಯ ಅಪಾಯವೂ ಇದೆ. ದೇಹ ಗಂಟೆಗೆ ಸುಮಾರು ಒಂದು ಯೂನಿಟ್, ಅಂದರೆ 10 ಮಿಲಿ ಶುದ್ಧ ಆಲ್ಕೋಹಾಲ್ ಕರಗಿಸುತ್ತದೆ. 568 ಮಿಲಿಯ ಪೈಂಟು, ಶೇಕಡಾ 5ರ ಬಿಯರ್ ಆದರೆ 2.8 ಯೂನಿಟ್, ನಾಲ್ಕು ಪೈಂಟಿಗೆ 11 ದಾಟುತ್ತದೆ. ರಾತ್ರಿ ಹನ್ನೆರಡಕ್ಕೆ ನಿಲ್ಲಿಸಿದವನು ಬೆಳಗ್ಗೆ ಒಂಬತ್ತರ ಅಭ್ಯಾಸಕ್ಕೆ ಹೊರಟಾಗಲೂ ಅದು ಪೂರ್ತಿ ಇಳಿಯದೇ ಇರಬಹುದು. ಸ್ನಾನ, ಕಾಫಿ, ನಿಂಬೆರಸ ಯಾವುದೂ ಅದನ್ನು ಬೇಗ ಇಳಿಸುವುದಿಲ್ಲ. ಮೈದಾನದ ಬಾಗಿಲಲ್ಲಿ ಊದುವ ಯಂತ್ರ ಇಟ್ಟರೂ ಅಷ್ಟರಲ್ಲಿ ಆತ ಓಡಿಸಿಕೊಂಡು ಬಂದಾಗಿರುತ್ತದೆ, ಹಾಗಾಗಿ ಊಟದ ಮರುದಿನದ ಅಭ್ಯಾಸವನ್ನು ಮಧ್ಯಾಹ್ನಕ್ಕೆ ಹಾಕುವುದು, ಮನೆಯಿಂದ ಕರೆತರಲು ವಾಹನ ಕಳಿಸುವುದೇ ಸರಿ. ಲೈಸೆನ್ಸ್ ಕಳೆದುಕೊಂಡವನಿಗೂ ಇದೇ ವ್ಯವಸ್ಥೆ ಬೇಕು. ನಿಷೇಧದ ನಡುವೆ ಓಡಿಸಿ ಸಿಕ್ಕರೆ ಅಲ್ಲಿ ಜೈಲಿನ ಸಾಧ್ಯತೆಯಿದೆ.

ಸಂಬಳವೇ ಇಲ್ಲದ ನಮ್ಮ ಲೀಗ್ ಕ್ಲಬ್ಬುಗಳಲ್ಲಿ ದಂಡದ ಮಾತಿಗೆ ಅರ್ಥವಿಲ್ಲ. ಅಲ್ಲಿ ಕೈಯಲ್ಲಿರುವುದು ಆಯ್ಕೆ ಮತ್ತು ಸದಸ್ಯತ್ವ. ನಮ್ಮಲ್ಲಿ ರಕ್ತದ ಮಿತಿ 100 ಮಿಲಿಗೆ 30 ಮಿಲಿಗ್ರಾಂ, ಇಂಗ್ಲೆಂಡಿನ 80ಕ್ಕಿಂತ ಬಹಳ ಬಿಗಿ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಡಿ ಮೊದಲ ಸಲಕ್ಕೆ ಆರು ತಿಂಗಳ ತನಕ ಜೈಲು, 10,000 ರೂಪಾಯಿ ದಂಡ, ಅಥವಾ ಎರಡೂ. ಆದರೆ ನನ್ನ ಹೆಚ್ಚಿನ ಚಿಂತೆ ಕಿಟ್ ಬ್ಯಾಗು ಬೆನ್ನಿಗೆ ಹಾಕಿಕೊಂಡು ಸ್ಕೂಟರಿನಲ್ಲಿ ಅಭ್ಯಾಸಕ್ಕೆ ಬರುವ ಹದಿನೈದು ಹದಿನಾರರ ಹುಡುಗರದು. 2019ರ ತಿದ್ದುಪಡಿಯ 199ಎ ಕಲಮಿನಡಿ ಅಪ್ರಾಪ್ತರು ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದ ತನಕ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಪ್ರವೇಶ ಅರ್ಜಿಯಲ್ಲೇ ಪೋಷಕರಿಂದ ಇದಕ್ಕೆ ಸಹಿ ಹಾಕಿಸಿ, ಲೈಸೆನ್ಸ್ ಇಲ್ಲದೆ ಗಾಡಿ ತಂದವನನ್ನು ಆ ದಿನ ನೆಟ್ಸ್‌ಗೆ ಬಿಡದೆ ಮನೆಗೆ ಫೋನ್ ಮಾಡಿ ಕರೆಸಿಕೊಳ್ಳುವಂತೆ ಹೇಳಬೇಕು. ದೊಡ್ಡವರ ನಿಯಮವನ್ನು ಸರ್ವಸದಸ್ಯರ ಸಭೆಯಲ್ಲಿ ಪಾಸು ಮಾಡಿ ಬೈಲಾಗೆ ಸೇರಿಸಬೇಕು. ನೋಟಿಸು ಬರಹದಲ್ಲಿರಲಿ, ಉತ್ತರಕ್ಕೆ ಏಳು ದಿನ, ವಿಚಾರಣೆಗೆ ಮೂವರ ಸಮಿತಿ, ಆ ಮೂವರಲ್ಲಿ ಆಯ್ಕೆಗಾರರೂ ಕೋಚೂ ಬೇಡ, ಅಪೀಲಿಗೆ ಬೇರೆ ಇಬ್ಬರು.